ರೋಬೋಟ್ ಬಂತು, ಸೋರಿಕೆಯ ಲೆಕ್ಕ ಯಾರದು?

ಹೈದರಾಬಾದಿನ ಪಂಜಗುಟ್ಟದಲ್ಲಿರುವ ಸರ್ಕಾರಿ ನಿಮ್ಸ್ ಆಸ್ಪತ್ರೆಗೂ 2023ರಲ್ಲಿ ಆಪರೇಷನ್ ರೋಬೋಟ್ ಬಂತು. ಖಾಸಗಿಯವರಲ್ಲಿ ಅದು ಮೊದಲೇ ಇತ್ತು. ಬೆಂಗಳೂರಿಗಿಂತ ಹತ್ತಿರವೆಂದು ಬೀದರ್, ಕಲಬುರಗಿಯ ರೋಗಿಗಳೂ ಆ ಊರಿಗೇ ಹೋಗುತ್ತಾರೆ. ಕ್ಯಾನ್ಸರ್ ಬಂದ ಪ್ರಾಸ್ಟೇಟ್ ಗ್ರಂಥಿ ತೆಗೆಸುವುದು ಹೀಗೆ ಸುಲಭವಾಗುತ್ತಿದೆ. ಅದರ ಬೆನ್ನಿಗೇ ಬರುವ ಮೂತ್ರ ಸೋರಿಕೆಗೆ ಮಾತ್ರ ಯಾರೂ ಸಿದ್ಧರಿಲ್ಲ.

ಮೊದಲ ವಾರಗಳಲ್ಲಿ ಬಹುತೇಕ ಎಲ್ಲರಿಗೂ ಸೋರುತ್ತದೆ. ವ್ಯಾಯಾಮದಿಂದ ಹೆಚ್ಚಿನವರಿಗೆ ವರ್ಷದೊಳಗೆ ಹತೋಟಿಗೆ ಬರುತ್ತದೆ. ಉಳಿದವರು ಕೆಮ್ಮಿದರೆ ಒದ್ದೆ, ಬಗ್ಗಿದರೆ ಒದ್ದೆ. ಮದುವೆಮನೆ ತಪ್ಪಿಸುತ್ತಾರೆ, ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಹೆಂಡತಿಗೂ ಹೇಳುವುದಿಲ್ಲ. ಆರು ತಿಂಗಳಾದರೂ ಕಾಟ ಇಳಿಯದಿದ್ದರೆ ಎರಡನೆಯ ಶಸ್ತ್ರಚಿಕಿತ್ಸೆಯ ಮಾತೆತ್ತಬಹುದೆಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ 2019ರಲ್ಲೇ ಹೇಳಿದೆ.

ಸೋರಿಕೆ ಅಲ್ಪವಾಗಿದ್ದರೆ ಮೂತ್ರನಾಳದ ಕೆಳಗೆ ಜಾಲರಿ ಪಟ್ಟಿ ಕೂರಿಸುವ ಸ್ಲಿಂಗ್ ಸಾಕಾದೀತು. ವಿಕಿರಣ ಚಿಕಿತ್ಸೆ ಆದವರಿಗೆ ಅದು ಅಷ್ಟಾಗಿ ಒಗ್ಗದು. ಹೆಚ್ಚು ಸೋರುವವರಿಗೆ ಕೃತಕ ಸ್ಫಿಂಕ್ಟರ್: 1972ರಲ್ಲಿ ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ ಮೊದಲು ಅಳವಡಿಸಿದ ಸಾಧನದ ಸುಧಾರಿತ ರೂಪ. ನಾಳದ ಸುತ್ತ ದ್ರವ ತುಂಬಿದ ಪಟ್ಟಿ, ಹೊಟ್ಟೆಯೊಳಗೆ ಬಲೂನು, ವೃಷಣಚೀಲದಲ್ಲಿ ಪುಟ್ಟ ಪಂಪು. ಪಂಪು ಒತ್ತಿದರೆ ಪಟ್ಟಿ ಸಡಿಲಾಗಿ ಮೂತ್ರ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ತಾನೇ ಬಿಗಿಯುತ್ತದೆ. ಬೆಲೆ ಲಕ್ಷಗಳಲ್ಲಿ. ಸವೆದರೆ, ಸೋಂಕು ತಗುಲಿದರೆ ಮತ್ತೆ ಆಪರೇಷನ್.

ನಮ್ಮ ನಿಜವಾದ ಆತಂಕ ಊರಿಗೆ ಮರಳಿದ ಮೇಲಿನದು. ಸಾಧನವಿರುವ ವ್ಯಕ್ತಿ ಹೃದಯಾಘಾತವಾಗಿ ತಾಲ್ಲೂಕು ಆಸ್ಪತ್ರೆ ಸೇರಿದನೆನ್ನಿ. ಸಿಬ್ಬಂದಿ ಮಾಮೂಲಿನಂತೆ ಮೂತ್ರದ ಟ್ಯೂಬ್ ಹಾಕಲು ಬರುತ್ತಾರೆ. ಬಿಗಿದ ಪಟ್ಟಿಯೊಳಗೆ ಅದನ್ನು ತೂರಿಸಿದರೆ ಮೂತ್ರನಾಳಕ್ಕೆ ಗಾಯವಾಗಿ, ಸಾಧನವನ್ನೇ ಕಿತ್ತು ತೆಗೆಯಬೇಕಾದೀತು. ಮೊದಲು ಪಂಪು ಒತ್ತಿ ಪಟ್ಟಿ ಸಡಿಲಿಸಬೇಕು, ಪಂಪಿನ ಗುಂಡಿ ಅದುಮಿ ಪಟ್ಟಿ ಮತ್ತೆ ಬಿಗಿಯದಂತೆ ನಿಲ್ಲಿಸಬೇಕು, ಸಣ್ಣ ಟ್ಯೂಬನ್ನು ಆದಷ್ಟು ಕಡಿಮೆ ಹೊತ್ತು ಇಡಬೇಕು. ಪ್ರಜ್ಞೆಯಿಲ್ಲದವನು ಇದನ್ನೆಲ್ಲ ಹೇಳಲಾರ. ಸಾಧನದ ಕಾರ್ಡ್ ಜೇಬಿನಲ್ಲಿರಬೇಕು, ಮನೆಯವರಿಗೆ ವಿಷಯ ಗೊತ್ತಿರಬೇಕು. ನಾಚಿಕೆಯಿಂದ ಮುಚ್ಚಿಟ್ಟವರಿಗೆ ಅಪಾಯ ಹೆಚ್ಚು. ಕಲ್ಯಾಣ ಕರ್ನಾಟಕದ ಜಿಲ್ಲಾಸ್ಪತ್ರೆಗಳ ತುರ್ತು ವಿಭಾಗದವರಿಗೆ ಇದನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು.

ಹೈದರಾಬಾದಿನ ಆಸ್ಪತ್ರೆಗಳಿಗೂ ಒಂದು ಮಾತು. ಎಷ್ಟು ರೋಬೋಟ್ ಆಪರೇಷನ್ ಮಾಡಿದಿರಿ ಎಂಬುದರ ಜೊತೆಗೆ, ವರ್ಷದ ನಂತರ ಎಷ್ಟು ಮಂದಿ ಇನ್ನೂ ಪ್ಯಾಡ್ ಕಟ್ಟುತ್ತಿದ್ದಾರೆಂದೂ ಪ್ರಕಟಿಸಿ. ತೆಲಂಗಾಣದ ಸರ್ಕಾರಿ ಚಿಕಿತ್ಸಾ ಯೋಜನೆ ಆರೋಗ್ಯಶ್ರೀ ಗಡಿಯಾಚೆಯ ರೋಗಿಗೆ ಸಿಗದು. ಹೊಲ ಮಾರಿ ಮೊದಲ ಆಪರೇಷನ್ ಮಾಡಿಸುವವನಿಗೆ ಎರಡನೆಯದರ ಖರ್ಚನ್ನು ಸಹಿ ಹಾಕಿಸಿಕೊಳ್ಳುವ ಮೊದಲೇ ಹೇಳಿ.