ಬಣ್ಣದ ಡಬ್ಬಿಗಷ್ಟೇ ಬೆಲೆ ಕಟ್ಟುವ ದಾನದ ಲೆಕ್ಕ

ಹಳೆಯ ಗರಗಸ, ಅಂಚೆ ಡಬ್ಬಿ, ಸ್ಕೇಟ್‌ಬೋರ್ಡ್, ಮಕ್ಕಳು ತುಳಿದು ಓಡಿಸುವ ಪೆಡಲ್ ಕಾರು, ಒಮ್ಮೊಮ್ಮೆ ಕಮೋಡಿನ ಮುಚ್ಚಳ. ಅಮೆರಿಕದ ಹಾಟ್‌ರಾಡ್ ಎಂಬ ಮಾರ್ಪಡಿಸಿದ ಹಳೆಯ ಕಾರುಗಳ ಮೇಳಗಳಲ್ಲಿ, ವಾಹನದ ಮೈಮೇಲೆ ತೆಳು ಗೆರೆ ಎಳೆಯುವ ಪಿನ್‌ಸ್ಟ್ರೈಪಿಂಗ್ ಕಲಾವಿದರ ಮೇಜಿಗೆ ಇಂಥವೆಲ್ಲ ಬಂದು ಬೀಳುತ್ತವೆ. ಬೆಳಗ್ಗೆ ಬೋಳಾಗಿದ್ದ ವಸ್ತುವಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಕೂದಲೆಳೆಯಂಥ ಗೆರೆಗಳು ಬಳ್ಳಿಯಾಗಿ ಹಬ್ಬಿರುತ್ತವೆ. ಆಮೇಲೆ ಹರಾಜು. ಬಂದ ಹಣ ಮಕ್ಕಳ ಆಸ್ಪತ್ರೆಗೋ, ಕಾಯಿಲೆ ಬಿದ್ದ ಒಬ್ಬ ಸಹ ಕಲಾವಿದನ ಚಿಕಿತ್ಸೆಗೋ ಹೋಗುತ್ತದೆ.

ಈ ರೂಢಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಅದರಿಂದಲೇ ಕೇಳುತ್ತಿದ್ದೇನೆ: ಇಲ್ಲಿ ಯಾರು ಎಷ್ಟು ಕೊಟ್ಟರು ಎಂಬುದನ್ನು ನಾವು ಸರಿಯಾಗಿ ಎಣಿಸುತ್ತಿದ್ದೇವೆಯೇ?

ಮೊದಲು ಆ ಕೆಲಸ ಎಂಥದ್ದೆಂದು ನೋಡಬೇಕು. ಅಳಿಲ ಕೂದಲಿನಿಂದ ಮಾಡಿದ, ಕತ್ತಿಯ ಅಲಗಿನಂತೆ ಓರೆಯಾಗಿ ಇಳಿಯುವ ಕುಂಚ. ಅದರ ಹೊಟ್ಟೆಯಲ್ಲಿ ಸಾಕಷ್ಟು ಬಣ್ಣ ನಿಲ್ಲುತ್ತದೆ, ಗೆರೆಯನ್ನು ಎಳೆಯುವುದು ಮಾತ್ರ ತುದಿ. ನಿಧಾನವಾಗಿ ಒಣಗುವ ಎನಾಮೆಲ್ ಬಣ್ಣವನ್ನು ಹದಕ್ಕೆ ತಂದು, ಕಿರುಬೆರಳನ್ನು ಲೋಹದ ಮೇಲೆ ಊರಿ, ಒಂದೇ ಉಸಿರಿನಲ್ಲಿ ಎಳೆಯಬೇಕು. ನಡುವೆ ಕೈ ನಿಂತರೆ ಅಲ್ಲೊಂದು ಗಂಟು ಬಿದ್ದಂತೆ. 1950ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಈ ಕಲೆಗೆ ಹೊಸ ಜೀವ ಕೊಟ್ಟವರು ಕೆನ್ನೆತ್ ಹೋವರ್ಡ್. ಜನ ಅವರನ್ನು ಬಲ್ಲದ್ದು ವಾನ್ ಡಚ್ ಎಂಬ ಹೆಸರಿನಿಂದ. ಕಾರಿನ ಮೈಮೇಲೆ ಉಳಿದ ಉಜ್ಜಿದ ಗುರುತು ಮುಚ್ಚಲು ಅವರು ಗೆರೆ ಎಳೆಯತೊಡಗಿದರೆಂಬ ಮಾತಿದೆ. ‘ಬಿಗ್ ಡ್ಯಾಡಿ’ ಎಡ್ ರಾತ್ ಅದೇ ಲೋಕದವರು. ನಮ್ಮ ಲಾರಿಗಳ ಹಿಂಬದಿಗೆ ಹೂಬಳ್ಳಿ ಬರೆಯುತ್ತಿದ್ದ ಪೇಂಟರುಗಳನ್ನು ನೋಡಿದವರಿಗೆ ಆ ಕೈಗಳ ಪರಿಚಯ ಮಾಡಿಸಬೇಕಿಲ್ಲ. ಇಲ್ಲಿ ಅವರ ಕೆಲಸ ಕಸಿದದ್ದು ರೇಡಿಯಂ ಸ್ಟಿಕ್ಕರ್, ಅಲ್ಲಿ ವಿನೈಲ್ ಪಟ್ಟಿ.

ಮೇಳದ ಹರಾಜಿನ ಜೀವಾಳವೆಂದರೆ ಒಂದೇ ಫಲಕ ಹಲವರ ಕೈ ದಾಟುವ ‘ಪ್ಯಾನೆಲ್ ಜ್ಯಾಮ್’. ಒಬ್ಬರು ನಡುವಿನ ವಿನ್ಯಾಸ ಬಿಡಿಸಿ ಪಕ್ಕದವರಿಗೆ ದಾಟಿಸುತ್ತಾರೆ, ಅವರು ಅಂಚು ಕಟ್ಟುತ್ತಾರೆ, ಇನ್ನೊಬ್ಬರು ಅಕ್ಷರ ಬರೆಯುತ್ತಾರೆ. ಎಲ್ಲರ ಸಹಿಯಿರುವ ಅಂಥ ಫಲಕ ಇನ್ನೊಂದು ಇರುವುದಿಲ್ಲ. ಕೊಳ್ಳುವವರು ಅದು ಹುಟ್ಟಿದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಅದಕ್ಕೇ ಕೂಗು ಏರುತ್ತದೆ. ದೇಣಿಗೆ ಪೆಟ್ಟಿಗೆ ಹಿಡಿದು ನಿಂತರೆ ಜೇಬಿಗೆ ಕೈ ಹಾಕದವರೂ ಇಲ್ಲಿ ಪೈಪೋಟಿಗೆ ಇಳಿಯುತ್ತಾರೆ.

ಹಣ ಕೊಟ್ಟವರಿಗೆ ಚಪ್ಪಾಳೆ, ಜೊತೆಗೊಂದು ಕಲಾಕೃತಿ. ಕಲಾವಿದರಿಗೆ? ಅಮೆರಿಕದ ತೆರಿಗೆ ಕಾನೂನು ಇದಕ್ಕೆ ಕೊಡುವ ಉತ್ತರ ಕಠೋರವಾದದ್ದು. ತಾನೇ ಬರೆದ ಚಿತ್ರವನ್ನು ದಾನ ಮಾಡಿದ ಕಲಾವಿದ ತೆರಿಗೆ ಲೆಕ್ಕದಲ್ಲಿ ಕಳೆಯಬಹುದಾದದ್ದು ಬಣ್ಣ, ಹಲಗೆಯಂಥ ಸಾಮಗ್ರಿಯ ಖರ್ಚನ್ನು ಮಾತ್ರ. ಅದೇ ಚಿತ್ರವನ್ನು ಕೊಂಡು ವರ್ಷಗಳ ಕಾಲ ಇಟ್ಟುಕೊಂಡ ಸಂಗ್ರಾಹಕರು ಮ್ಯೂಸಿಯಮ್ಮಿಗೆ ಕೊಟ್ಟರೆ ಪೂರ್ತಿ ಮಾರುಕಟ್ಟೆ ಬೆಲೆಗೇ ವಿನಾಯಿತಿ ಕೇಳಬಹುದು.

ಈ ತಾರತಮ್ಯ ಬಂದದ್ದು 1969ರ ತೆರಿಗೆ ಸುಧಾರಣಾ ಕಾಯ್ದೆಯಿಂದ. ರಾಜಕಾರಣಿಗಳು ತಮ್ಮ ಅಧಿಕಾರಾವಧಿಯ ಕಾಗದಪತ್ರಗಳಿಗೆ ದೊಡ್ಡ ಬೆಲೆ ಕಟ್ಟಿಸಿ, ದಾನವೆಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವುದನ್ನು ತಡೆಯುವ ಉದ್ದೇಶ ಅದರ ಹಿಂದಿತ್ತು. ಪೆಟ್ಟು ಬಿದ್ದದ್ದು ಬರಹಗಾರರು, ಸಂಗೀತಗಾರರು, ಚಿತ್ರಕಾರರಿಗೂ. ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಹಸ್ತಪ್ರತಿ ಕೊಡುತ್ತಿದ್ದ ಸಂಗೀತ ಸಂಯೋಜಕ ಇಗೋರ್ ಸ್ಟ್ರಾವಿನ್‌ಸ್ಕಿ ಆಮೇಲೆ ಕೊಡುವುದನ್ನು ನಿಲ್ಲಿಸಿದರು. ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ತಿದ್ದುಪಡಿ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸಿದರು. ಅದು ಕಾನೂನಾಗಲಿಲ್ಲ. ನಮ್ಮಲ್ಲಿಯೂ 80ಜಿ ಎಂದೇ ಜನ ಬಲ್ಲ ವಿನಾಯಿತಿ ಇರುವುದು ಹಣದ ರೂಪದ ದೇಣಿಗೆಗೆ. ಚಿತ್ರ ಕೊಟ್ಟ ಕಲಾವಿದರಿಗೆ ಅದು ಸಿಗದು.

ಗೆರೆ ಎಳೆಯುವವರು ತೆರಿಗೆ ನೋಡಿ ಕೊಡುವುದಿಲ್ಲ, ಅದು ನಿಜ. ಮೇಳದಲ್ಲಿ ಕೂತು ಹರಟುತ್ತ, ಒಬ್ಬರ ಕೈಚಳಕವನ್ನು ಇನ್ನೊಬ್ಬರು ಕದ್ದು ಕಲಿಯುತ್ತ ಕಳೆದ ದಿನಕ್ಕೆ ಅದರದೇ ಸುಖವಿದೆ. ಆದರೆ ಮೇಳದ ದಿನವೇ ಅವರಿಗೆ ದುಡಿಮೆಯ ದಿನ ಕೂಡ. ಹರಾಜಿನ ಫಲಕಕ್ಕೆ ಕೊಟ್ಟ ಪ್ರತಿ ಗಂಟೆಯೂ ಗಿರಾಕಿಯ ಬಾನೆಟ್ ಮೇಲೆ ಗೆರೆ ಎಳೆದು ಸಂಪಾದಿಸಬಹುದಾಗಿದ್ದ ಗಂಟೆ. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ದಾನದ ಹರಾಜಿನಲ್ಲಿ ಫಲಕ ಅಗ್ಗಕ್ಕೆ ಹೋದರೆ, ಮುಂದಿನ ಗಿರಾಕಿಯ ಮನಸ್ಸಿನಲ್ಲಿ ಆ ಕಲಾವಿದನ ದರ ಅಷ್ಟೇ ಎಂದು ಕೂತುಬಿಡುತ್ತದೆ.

ಹೆಸರು ಮಾಡಿದವರ ಕಥೆ ಬೇರೆ. 2022ರಲ್ಲಿ ಜೆಫ್ ಕೂನ್ಸ್ ವಿನ್ಯಾಸದ ಬಿಎಂಡಬ್ಲ್ಯೂ ಕಾರೊಂದು ಕ್ರಿಸ್ಟೀಸ್ ಹರಾಜಿನಲ್ಲಿ 4.75 ಲಕ್ಷ ಡಾಲರಿಗೆ ಮಾರಾಟವಾಯಿತು. ಹಣ ಹೋದದ್ದು ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ದುಡಿಯುವ ಅಂತರರಾಷ್ಟ್ರೀಯ ಕೇಂದ್ರಕ್ಕೆ. ಮಗನ ಪಾಲನೆಗಾಗಿ ದೇಶದಿಂದ ದೇಶಕ್ಕೆ ಹೋರಾಡಿದ ಕೂನ್ಸ್‌ಗೆ ಅದು ಕರುಳಿಗೆ ಹತ್ತಿರದ ಕೆಲಸ. ಅವರ ಬೆನ್ನಿಗೆ ಕಾರು ಕಂಪನಿಯೂ ಹರಾಜು ಸಂಸ್ಥೆಯೂ ಇದ್ದವು. ಸ್ವಂತ ಪೆಟ್ರೋಲ್ ಹಾಕಿಕೊಂಡು, ಸ್ವಂತ ಬಣ್ಣದ ಡಬ್ಬಿ ಹೊತ್ತು ಮೇಳಕ್ಕೆ ಬರುವ ಗೆರೆಗಾರನಿಗೆ ಅಂಥ ಬೆನ್ನಾಸರೆ ಇಲ್ಲ.

ಹಾಗೆಂದು ಹರಾಜು ನಿಲ್ಲಬಾರದು. ಮೇಳ ನಡೆಸುವವರು ದಾನಕ್ಕೆ ಬರೆಯುವವರಿಂದ ಮಳಿಗೆ ಬಾಡಿಗೆ ತೆಗೆದುಕೊಳ್ಳಬಾರದು. ಬಣ್ಣ, ಹಲಗೆ, ಊಟ, ವಸತಿ ಮೇಳದವರದೇ ಖರ್ಚಾಗಲಿ. ಪ್ರತಿ ಫಲಕಕ್ಕೂ ಕನಿಷ್ಠ ಬೆಲೆ ಇರಲಿ, ಅದನ್ನು ಬರೆದವರೇ ಹೇಳಲಿ; ಆ ಬೆಲೆ ಬರದಿದ್ದರೆ ಫಲಕ ಅವರಿಗೇ ಮರಳಲಿ. ಬೇಕೆಂದವರಿಗೆ ಕೂಗಿದ ಬೆಲೆಯಲ್ಲಿ ಒಂದು ಪಾಲು ಸಲ್ಲಲಿ. ಪಾಲು ಪಡೆದವರನ್ನು ಉಳಿದವರು ಹಗುರವಾಗಿ ನೋಡದಿರಲಿ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಆಸ್ಪತ್ರೆಗೆ ಎಷ್ಟು ತಲುಪಿತೆಂಬ ಲೆಕ್ಕ ಬರೆದವರ ಕೈಗೆ ಬರಹದಲ್ಲೇ ಸಿಗಲಿ.

ಇನ್ನು ರಸೀದಿಯ ಮಾತು. ಈಗ ಅದರಲ್ಲಿರುವುದು ಕೊಂಡವರ ಹೆಸರು, ಮೊತ್ತ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ಶಾಯಿಯ ಖರ್ಚಷ್ಟೇ: ಈ ಫಲಕ ಬರೆದವರು ಇಂಥವರು, ಕೊಟ್ಟ ದುಡಿಮೆ ಇಷ್ಟು ಗಂಟೆ.