ಚೆಂಡು ಕೈಗೆ, ಭಾರ ಕಾಲಿಗೆ

ಕಳೆದ ತಿಂಗಳು ಈ ಅಂಕಣ ತಪ್ಪಿತು. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಮಗಳ ಕಾಲು.

ಅವಳಿಗೀಗ 14. ಇಲ್ಲಿ ದೆಹಲಿಯಲ್ಲಿ ಶಾಲೆಯ ನೆಟ್‌ಬಾಲ್ ತಂಡದಲ್ಲಿದ್ದಾಳೆ. ಶಿವಮೊಗ್ಗದಲ್ಲಿರುವ ನನ್ನಮ್ಮನಿಗೆ ಇವತ್ತಿಗೂ ಅದು ಥ್ರೋಬಾಲೇ. ನಾನು ಹೈಸ್ಕೂಲಿನಲ್ಲಿ ಆಡುತ್ತಿದ್ದ ಆಟವನ್ನು ಮೊಮ್ಮಗಳು ಮುಂದುವರಿಸಿದ್ದಾಳೆ ಎಂಬ ಸಂತೋಷ ಅವರಿಗೆ. "ಅಲ್ಲಮ್ಮ, ಇದು ಬಾಸ್ಕೆಟ್‌ಬಾಲ್ ತರಹ, ಆದರೆ ಚೆಂಡನ್ನು ನೆಲಕ್ಕೆ ಕುಟ್ಟಿಕೊಂಡು ಓಡೋ ಹಾಗಿಲ್ಲ" ಎಂದು ಹೇಳಿ ಹೇಳಿ ಸುಮ್ಮನಾಗಿದ್ದೇನೆ.

ಮೊದಲ ಸಲ ಪಾದದ ಕೀಲು ಉಳುಕಿದ್ದು ಅಭ್ಯಾಸದ ವೇಳೆ, ಗೆಳತಿಯ ಕಾಲಿನ ಮೇಲೆ ಇಳಿದಾಗ. ಅಮ್ಮ ಫೋನಿನಲ್ಲೇ ಅರಿಸಿನ-ಸುಣ್ಣದ ಪಟ್ಟು ಹಾಕಿಸಿದರು. ನಾನು ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ವಲಯ ತಂಡದ ಆಯ್ಕೆ ಹತ್ತಿರದಲ್ಲಿತ್ತು. ಬಾವು ಇಳಿಯಿತಲ್ಲ, ಇನ್ನೇನು ಎಂದುಕೊಂಡು ಹತ್ತನೇ ದಿನಕ್ಕೇ ಅಂಕಣಕ್ಕೆ ಕಳಿಸಿದೆ. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಕಾಲು ಮತ್ತೆ ಉಳುಕಿತು. ಈ ಸಲ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ನೋವು ಇಳಿದ ಮೇಲೆ ಫಿಸಿಯೊಥೆರಪಿಸ್ಟ್ ಅವಳನ್ನು ಅದೇ ಕಾಲಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿ ಹತ್ತು ಎಣಿಸಲು ಹೇಳಿದರು. ಮೂರಕ್ಕೇ ಹುಡುಗಿ ವಾಲಿ ಗೋಡೆ ಹಿಡಿದಳು. "ಮೊದಲನೇ ಉಳುಕು ಆಟದ್ದು, ಎರಡನೆಯದು ನಿಮ್ಮ ಆತುರದ್ದು" ಎಂದರು ಆಕೆ. ನನ್ನ ಮುಖ ಎಲ್ಲಿಡಲಿ ಎನ್ನಿಸಿತು. ಉಳುಕಿದಾಗ ಲಿಗಮೆಂಟ್ ಜೊತೆಗೆ ಕೀಲಿನ ಅಂದಾಜು, ಅಂದರೆ ತಾನು ಹೇಗೆ ನಿಂತಿದ್ದೇನೆ ಎಂದು ಮಿದುಳಿಗೆ ತಿಳಿಸುವ ಶಕ್ತಿಯೂ ಕುಂದುತ್ತದಂತೆ. ಬಾವು ಇಳಿದ ಮಾತ್ರಕ್ಕೆ ಅದು ಮರಳುವುದಿಲ್ಲ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದು ಅದಕ್ಕೇ.

ಅಂದು ರಾತ್ರಿ ನೆನಪಾದದ್ದು 2010ರ ಕಾಮನ್‌ವೆಲ್ತ್ ಕ್ರೀಡಾಕೂಟ. ಇಲ್ಲೇ ತ್ಯಾಗರಾಜ್ ಕ್ರೀಡಾಂಗಣದಲ್ಲಿ ನೆಟ್‌ಬಾಲ್ ಫೈನಲ್. ಎರಡು ಬಾರಿ ಹೆಚ್ಚುವರಿ ಸಮಯಕ್ಕೆ ಹೋದ ಆ ಆಟವನ್ನು ನ್ಯೂಜಿಲೆಂಡ್ 66-64ರಿಂದ ಆಸ್ಟ್ರೇಲಿಯಾ ವಿರುದ್ಧ ಗೆದ್ದಿತು. ಏಳು ತಿಂಗಳ ಬಸುರಿ ನಾನು ಕುರ್ಚಿಯ ಅಂಚಿಗೆ ಬಂದು ಕೂತಿದ್ದೆ. ನೋಡಿದ್ದೆಲ್ಲ ಚೆಂಡನ್ನೇ. ಕಾಲುಗಳನ್ನು ನೋಡಿದವಳಲ್ಲ.

ಈಗ ಹಳೆಯ ಪಂದ್ಯಗಳ ವಿಡಿಯೊಗಳಲ್ಲಿ ಕಾಲನ್ನೇ ನೋಡುತ್ತೇನೆ. ಈ ಆಟದ ನಿಯಮವೇ ಕಾಲಿನ ಮೇಲೆ ಭಾರ ಹೊರಿಸುವಂಥದ್ದು. ಓಡುತ್ತ ಹಾರಿ ಚೆಂಡು ಹಿಡಿದರೆ, ಮೊದಲು ಊರಿದ ಕಾಲನ್ನು ಎತ್ತಬಹುದು, ಆದರೆ ಚೆಂಡು ಕೈಬಿಡುವ ಮೊದಲು ಮತ್ತೆ ಊರುವಂತಿಲ್ಲ. ಮೂರು ಸೆಕೆಂಡಿನೊಳಗೆ ಚೆಂಡು ಕೈ ದಾಟಬೇಕು. ಬೇರೆ ಆಟಗಳಲ್ಲಿ ನಾಲ್ಕು ಹೆಜ್ಜೆ ಓಡಿ ಕರಗಿಸುವ ವೇಗವನ್ನು ಇಲ್ಲಿ ಒಂದೇ ಹೆಜ್ಜೆಯಲ್ಲಿ ನುಂಗಬೇಕು. 15 ನಿಮಿಷದ ನಾಲ್ಕು ಅವಧಿ ಇದೇ ಕೆಲಸ. ಹಾಗಾಗಿ ಹೆಚ್ಚು ಪೆಟ್ಟು ಪಾದದ ಕೀಲಿಗೆ, ದೊಡ್ಡ ಪೆಟ್ಟು ಮಂಡಿಗೆ. ಮಂಡಿ ನೇರವಾಗಿರುವಾಗಲೇ ಇಳಿದು, ಅದು ಒಳಕ್ಕೆ ವಾಲಿ ತಿರುಚಿದರೆ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಬಹುದು. ಯಾರೂ ತಳ್ಳಬೇಕಾಗಿಲ್ಲ. ಈ ಗಾಯ ಹುಡುಗರಿಗಿಂತ ಹುಡುಗಿಯರಿಗೆ ಆಗುವುದೇ ಹೆಚ್ಚು.

ಆಸ್ಟ್ರೇಲಿಯಾದ ನಾಯಕಿ ಲಿಜ್ ಎಲಿಸ್‌ಗೆ ಆದದ್ದೂ ಇದೇ. 2005ರಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡುವಾಗ ಎಸಿಎಲ್ ಹರಿಯಿತು. ಮರುವರ್ಷ ತನ್ನದೇ ದೇಶದ ಮೆಲ್ಬರ್ನ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕೂಟದಲ್ಲಿ ಆಕೆ ಆಡಲಾಗಲಿಲ್ಲ. ಚಿನ್ನ ನ್ಯೂಜಿಲೆಂಡ್‌ಗೆ ಹೋಯಿತು. 2007ರಲ್ಲಿ ಆಕ್ಲೆಂಡ್‌ನಲ್ಲಿ ಮತ್ತೆ ನಾಯಕಿಯಾಗಿ ನಿಂತು 42-38ರಿಂದ ವಿಶ್ವ ಚಾಂಪಿಯನ್‌ಷಿಪ್ ಗೆದ್ದು ನಿವೃತ್ತರಾದರು. ಇಂಗ್ಲೆಂಡಿನ ಲೈಲಾ ಗಸ್ಕೋತ್ ಸ್ವತಃ ವೈದ್ಯೆ. 2019ರಲ್ಲಿ ಲಿವರ್‌ಪೂಲ್‌ನ ವಿಶ್ವಕಪ್ ನಡುವೆಯೇ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು. 2023ರಲ್ಲಿ ಕೇಪ್‌ಟೌನ್‌ನ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿ ಆಕೆಯೂ ಇದ್ದರು.

ಇಂಥ ಕಥೆಗಳಲ್ಲಿ ನಾವು ನೆನಪಿಡುವುದು ಮರಳಿ ಬಂದ ದಿನವನ್ನು. ನಡುವಿನ ತಿಂಗಳುಗಳ ಲೆಕ್ಕ ಯಾರಿಗೂ ಬೇಡ. ಎಸಿಎಲ್ ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳಿಗೆ ಮೊದಲು ಅಂಕಣಕ್ಕಿಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು. ಅಷ್ಟು ತಿಂಗಳು ಕಳೆದರೂ ಸಾಲದು, ಗಾಯದ ಕಾಲು ಇನ್ನೊಂದರಷ್ಟೇ ಗಟ್ಟಿಯಾಗಿದೆಯೇ ಎಂದು ಅಳೆದು ನೋಡುತ್ತಾರೆ. ಚಾಂಪಿಯನ್ನರಿಗೇ ಇಷ್ಟು ಕಾಯುವಿಕೆ ಇರುವಾಗ ನನ್ನ ಮಗಳಿಗೆ ನಾನು ಕೊಟ್ಟದ್ದು ಹತ್ತು ದಿನ!

ತಡೆಯುವ ದಾರಿಯೂ ಇದೆ. ಆಸ್ಟ್ರೇಲಿಯಾದ ನೆಟ್‌ಬಾಲ್ ಸಂಸ್ಥೆ 'ನೀ' ಎಂಬ ಹೆಸರಿನಲ್ಲಿ, ನ್ಯೂಜಿಲೆಂಡಿನವರು 'ನೆಟ್‌ಬಾಲ್‌ಸ್ಮಾರ್ಟ್' ಎಂದು ವಾರ್ಮ್‌ಅಪ್ ಕಾರ್ಯಕ್ರಮಗಳನ್ನೇ ರೂಪಿಸಿದ್ದಾರೆ. ದುಬಾರಿ ಯಂತ್ರ ಬೇಕಿಲ್ಲ. ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರುವಂತೆ ನೋಡಿಕೊಳ್ಳುವುದು, ಒಂಟಿಕಾಲ ಸಮತೋಲ, ತೊಡೆಯ ಹಿಂಭಾಗದ ಸ್ನಾಯು ಗಟ್ಟಿಮಾಡುವುದು. ಬಿಡದೆ ಮಾಡಬೇಕು, ಅಷ್ಟೇ. ನಿಮ್ಮ ಮಕ್ಕಳು ಪುಣೆಯಲ್ಲೋ ಚೆನ್ನೈನಲ್ಲೋ ಯಾವ ಆಟ ಆಡುತ್ತಿದ್ದರೂ, ಆಟದ ಮುಂಚಿನ ಹದಿನೈದು ನಿಮಿಷ ಅವರೇನು ಮಾಡುತ್ತಾರೆ ಎಂದು ಒಮ್ಮೆ ಹೋಗಿ ನೋಡಿ.

ಆಯ್ಕೆಗೆ ಅವಳನ್ನು ಕಳಿಸಲಿಲ್ಲ. ಮೂರು ದಿನ ನನ್ನೊಡನೆ ಮಾತಿಲ್ಲ. ನಾಲ್ಕನೇ ದಿನ, "ಮುಂದಿನ ವರ್ಷವೂ ಆಯ್ಕೆ ಇರುತ್ತಲ್ವಾ?" ಎಂದಳು. ಇರುತ್ತೆ ಎಂದೆ. ಅವಳ ಜಾಗ ಇರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತು.

ಈಗ ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ತಾಯಿ-ಮಗಳು ಕೊಕ್ಕರೆಗಳ ಹಾಗೆ ಒಂಟಿಕಾಲಲ್ಲಿ ನಿಲ್ಲುತ್ತೇವೆ. ನಿನ್ನೆ ಅವಳು ಕಣ್ಣು ಮುಚ್ಚಿ ಇಪ್ಪತ್ತೆರಡರವರೆಗೆ ಎಣಿಸಿದಳು. ನಾನು ಏಳಕ್ಕೇ ಗೋಡೆ ಹಿಡಿದೆ.