ಎರಡರಿಂದ ಎಂಟರ ಲೆಕ್ಕ

ಮಕ್ಕಳೇ, ಮೊನ್ನೆ ನನ್ನ ಮೊಮ್ಮಗಳ ಎದುರಿಗೇ ನನಗೆ ಚೆನ್ನಾಗಿ ಪಾಠವಾಯಿತು. ಎಪ್ಪತ್ತು ದಾಟಿದ ಮೇಲೂ ಪಾಠ ಕಲಿಯಬಹುದು ಎಂಬುದಕ್ಕೆ ಸಾಕ್ಷಿಯಾಗಿ ಅದನ್ನೇ ಈ ವಾರ ಬರೆಯುತ್ತಿದ್ದೇನೆ.

ನಮ್ಮ ಮನೆಯ ಪುಟ್ಟ ಪಾಪುವಿಗೆ ಮೂರೂವರೆ ತಿಂಗಳ ಲಸಿಕೆ ಹಾಕಿಸಬೇಕಿತ್ತು. ಸೊಸೆ, ಪಾಪು, ಆರನೇ ತರಗತಿಯ ಮೊಮ್ಮಗಳು ಮತ್ತು ನಾನು ಬೆಳಿಗ್ಗೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆವು. ಅಲ್ಲಿ ಸಿಸ್ಟರ್ ಹಳ್ಳಿಗೆ ಹೋಗಬೇಕಾದ ಲಸಿಕೆ ಪೆಟ್ಟಿಗೆಯನ್ನು ಸಿದ್ಧ ಮಾಡುತ್ತಿದ್ದರು. ಫ್ರೀಜರಿನಿಂದ ನಾಲ್ಕು ಐಸ್ ಪ್ಯಾಕ್ ತೆಗೆದರು. ನೀರು ತುಂಬಿ ಗಟ್ಟಿ ಮಂಜುಗಡ್ಡೆ ಮಾಡಿದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿಗಳು ಅವು. ಅವನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ತಾವು ರಿಜಿಸ್ಟರ್ ಬರೆಯಲು ಕುಳಿತರು.

ಐದು ನಿಮಿಷವಾಯಿತು, ಹತ್ತಾಯಿತು. ಡಬ್ಬಿಗಳ ಮೈಮೇಲೆ ಬೆವರು ಬಂತು, ಮೇಜೆಲ್ಲ ನೀರಾಯಿತು. ಏಪ್ರಿಲ್ ತಿಂಗಳ ಬಿಸಿಲು ಬೇರೆ. ನನಗೆ ತಡೆಯಲಾಗಲಿಲ್ಲ. “ಏನಮ್ಮಾ ಸಿಸ್ಟರ್, ಐಸೆಲ್ಲ ಕರಗಿ ಹೋಗ್ತಾ ಇದೆ. ಬೇಗ ಪೆಟ್ಟಿಗೆಗೆ ಹಾಕಬಾರದಾ? ಸರ್ಕಾರದ ಕರೆಂಟು ಅಂದ್ರೆ ಅಷ್ಟು ಸಸಾರವಾ?” ಎಂದುಬಿಟ್ಟೆ.

ಸಿಸ್ಟರ್ ಬೇಸರ ಮಾಡಿಕೊಳ್ಳಲಿಲ್ಲ. “ಸ್ವಲ್ಪ ತಾಳಿ ಸಾರ್” ಎಂದು ಒಂದು ಪ್ಯಾಕ್ ಎತ್ತಿಕೊಂಡು ನನ್ನ ಮೊಮ್ಮಗಳ ಕಿವಿಯ ಹತ್ತಿರ ಅಲ್ಲಾಡಿಸಿದರು. “ಏನಾದರೂ ಕೇಳಿಸ್ತಾ ಪುಟ್ಟೀ?”

“ಇಲ್ಲ ಆಂಟಿ.”

ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಮತ್ತೆ ಅಲ್ಲಾಡಿಸಿದರು. ಈ ಸಲ ಅವಳ ಕಣ್ಣು ಅರಳಿತು. “ಒಳಗೆ ಗುಳುಗುಳು ಅಂತು!”

“ಹಾಂ, ಈಗ ಪೆಟ್ಟಿಗೆಗೆ ಹಾಕಬಹುದು. ಫ್ರೀಜರಿನಿಂದ ಬಂದಾಗ ಇದು ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿರುತ್ತೆ. ಹಾಗೇ ಇಟ್ಟರೆ ಪಕ್ಕದಲ್ಲಿರೋ ಲಸಿಕೆಯೂ ಹೆಪ್ಪುಗಟ್ಟಿ ಕೆಟ್ಟುಹೋಗುತ್ತೆ. ಒಳಗೆ ನೀರಿನ ಸದ್ದು ಬಂದರೆ ಸೊನ್ನೆಗೆ ಬಂದಿದೆ ಅಂತ ಅರ್ಥ.”

ಲಸಿಕೆ ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಅದು ತಪ್ಪು. ನಮ್ಮ ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಆರೋಗ್ಯ ಕೇಂದ್ರದಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಮೇಲೆ ಹೋದರೆ ಬಿಸಿಗೆ ಶಕ್ತಿ ಕುಂದುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಕೆಲವು ಲಸಿಕೆಗಳು ಹೆಪ್ಪುಗಟ್ಟಿ ಹಾಳಾಗುತ್ತವೆ.

ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವ ಅಜ್ಜಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಲು ಕುದಿಯುತ್ತಿರುವಾಗ ಹೆಪ್ಪು ಹಾಕಿದರೆ ಮೊಸರಾಗದು, ತೀರಾ ತಣ್ಣಗಿದ್ದರೂ ಆಗದು. ನಡುವಿನ ಹದ ಬೇಕು. ಪಾಪುವಿಗೆ ಹಾಕುವ ಪೆಂಟಾವಲೆಂಟ್ ಲಸಿಕೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳನ್ನು ತಡೆಯುತ್ತದೆ. ಅದರಲ್ಲಿ ಅಲ್ಯೂಮಿನಿಯಂ ಲವಣದ ಅತಿ ಸಣ್ಣ ಕಣಗಳಿರುತ್ತವೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಮೇಲೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಒಡೆದ ಹಾಲು ಮತ್ತೆ ಹಾಲಾಗುವುದುಂಟೇ?

ಲಸಿಕೆಯನ್ನು ಕಾರ್ಖಾನೆಯಿಂದ ಮಗುವಿನ ತೊಡೆಯವರೆಗೆ ಇದೇ ಹದದಲ್ಲಿ ತಲುಪಿಸುವ ವ್ಯವಸ್ಥೆಗೆ ಶೀತಲ ಸರಪಳಿ ಎನ್ನುತ್ತಾರೆ. ದೇಶದ ದೊಡ್ಡ ಉಗ್ರಾಣ, ರಾಜ್ಯದ ಉಗ್ರಾಣ, ಜಿಲ್ಲೆಯ ಉಗ್ರಾಣ, ಆರೋಗ್ಯ ಕೇಂದ್ರ, ಕೊನೆಗೆ ಹೆಗಲಿಗೆ ನೇತುಹಾಕಿಕೊಳ್ಳುವ ಈ ಪುಟ್ಟ ಪೆಟ್ಟಿಗೆ. ಎಲ್ಲಿ ಒಂದು ಕೊಂಡಿ ಕಳಚಿದರೂ ಮುಂದಿನವರ ಶ್ರಮವೆಲ್ಲ ನೀರಿನಲ್ಲಿ ಹೋಮ.

ಫ್ರಿಜ್ಜೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಗೊತ್ತೇ? ಆಗ ಸರಪಳಿಯ ಕೊಂಡಿಗಳು ಮಕ್ಕಳೇ! ಸಿಡುಬಿನ ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಗುಳ್ಳೆ ಏಳುತ್ತಿತ್ತು. ಅದರ ರಸವನ್ನು ತೆಗೆದು ಮುಂದಿನವರ ತೋಳಿಗೆ ಹಾಕುತ್ತಿದ್ದರು. ಹೀಗೆ ತೋಳಿನಿಂದ ತೋಳಿಗೆ ಬಾಗ್ದಾದ್, ಬಸ್ರಾ ದಾಟಿ ಲಸಿಕೆ ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿ ಅದನ್ನು ಹಾಕಿಸಿಕೊಂಡಳು. ಅವಳ ತೋಳಿನಿಂದಲೇ ನಮ್ಮ ದೇಶದ ಉಳಿದವರಿಗೆ ಲಸಿಕೆ ಹರಡಿತು.

ಇನ್ನು ನಮ್ಮ ಆರೋಗ್ಯ ಕೇಂದ್ರಕ್ಕೆ ವಾಪಸ್ ಬರೋಣ. ಮೊಮ್ಮಗಳ ಕುತೂಹಲ ನೋಡಿ ಸಿಸ್ಟರ್ ಒಂದೊಂದೇ ತೋರಿಸಿದರು. ಲಸಿಕೆಯ ಫ್ರಿಜ್ ನಮ್ಮ ಮನೆಯದರಂತೆ ಮುಂದಕ್ಕೆ ತೆರೆಯುವುದಿಲ್ಲ, ಪೆಟಾರಿಯಂತೆ ಮೇಲಕ್ಕೆ ತೆರೆಯುತ್ತದೆ. ತಣ್ಣನೆಯ ಗಾಳಿ ಭಾರ, ಕೆಳಗೇ ನಿಲ್ಲುತ್ತದೆ. ಮುಚ್ಚಳ ತೆಗೆದರೂ ಚೆಲ್ಲಿಹೋಗುವುದಿಲ್ಲ. ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರ. ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೂ ಹದ ಕಾಯುತ್ತದೆ. ಅದರಲ್ಲಿ ಸಿಬ್ಬಂದಿಯ ಊಟದ ಡಬ್ಬಿಯಾಗಲಿ ನೀರಿನ ಬಾಟಲಿಯಾಗಲಿ ಇಡುವಂತಿಲ್ಲ.

ಸೀಸೆಯ ಮೇಲೆ ಒಂದು ಗುರುತಿತ್ತು. ನೇರಳೆ ಬಣ್ಣದ ವೃತ್ತ, ಅದರೊಳಗೆ ತಿಳಿಬಣ್ಣದ ಚೌಕ. ಬಿಸಿ ತಗುಲಿದಷ್ಟೂ ಚೌಕ ಗಾಢವಾಗುತ್ತ ಹೋಗುತ್ತದೆ. ಚೌಕವೂ ವೃತ್ತವೂ ಒಂದೇ ಬಣ್ಣಕ್ಕೆ ಬಂದರೆ ಆ ಸೀಸೆಯನ್ನು ಬಳಸುವಂತಿಲ್ಲ. 1996ರಲ್ಲಿ ಪೋಲಿಯೊ ಹನಿಯ ಸೀಸೆಗಳ ಮೇಲೆ ಮೊದಲು ಬಂದ ಗುರುತು ಇದು. “ಆದರೆ ಸಾರ್, ಇದು ಬಿಸಿಯನ್ನು ಮಾತ್ರ ಹೇಳುತ್ತೆ. ಹೆಪ್ಪುಗಟ್ಟಿ ಕರಗಿದ್ದರೆ ಹೇಳಲ್ಲ. ಅದನ್ನ ನಾವೇ ಕಾಯಬೇಕು.”

ಆಗ ಮೊಮ್ಮಗಳು ಕೇಳಿದಳು. “ಆಂಟಿ, ಕೆಟ್ಟುಹೋದ ಇಂಜೆಕ್ಷನ್ ಹಾಕಿದರೆ ಪಾಪುಗೆ ಏನಾಗುತ್ತೆ?”

“ಒಳ್ಳೇದು ಹಾಕಿದರೂ ಅಳುತ್ತೆ, ಕೆಟ್ಟದ್ದು ಹಾಕಿದರೂ ಅಳುತ್ತೆ. ತಾಯಿ ಕಾರ್ಡಿನಲ್ಲಿ ತಾರೀಖು ಬರೀತೀವಿ. ಮನೆಯವರು ನೆಮ್ಮದಿಯಾಗಿ ಹೋಗ್ತಾರೆ. ಆದರೆ ರೋಗ ಬಂದ ದಿನ ಮಗುಗೆ ರಕ್ಷಣೆ ಇರಲ್ಲ.”

ನಾನು ದಂಗಾದೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನಗೆ ಖೋಟಾ ನೋಟನ್ನು ಬೆಳಕಿಗೆ ಹಿಡಿದು ಪತ್ತೆಹಚ್ಚಿ ಗೊತ್ತು. ಕೆಟ್ಟ ಲಸಿಕೆಯೋ, ಮಗುವಿನ ಮನೆಯವರಿಗೆ ಒಳ್ಳೆಯದರಂತೆಯೇ ಕಾಣುತ್ತದೆ. ಪಾಸ್‌ಬುಕ್ಕಿನಲ್ಲಿ ಜಮಾ ಎಂದು ಬರೆದಿದೆ, ತಿಜೋರಿಯಲ್ಲಿ ಹಣವಿಲ್ಲ ಎಂದರೆ ಹೇಗೆ? ಅದಕ್ಕಿಂತ ದೊಡ್ಡ ಮೋಸವಿಲ್ಲ. ಅದೂ ಮಾತು ಬಾರದ ಕೂಸಿಗೆ.

ಅದಕ್ಕೇ ಆ ರಿಜಿಸ್ಟರ್. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಹಬ್ಬದ ದಿನವೂ ಫ್ರಿಜ್ಜಿನ ಉಷ್ಣತೆ ನೋಡಿ ಬರೆಯಬೇಕು. ಈಗ ಇ-ವಿನ್ ಎಂಬ ವ್ಯವಸ್ಥೆ ಬಂದಿದೆ. ಫ್ರಿಜ್ಜಿಗೆ ಜೋಡಿಸಿದ ಯಂತ್ರ ಉಷ್ಣತೆ ಏರುಪೇರಾದರೆ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಆದರೂ ಕೈಬರಹದ ಲೆಕ್ಕ ನಿಂತಿಲ್ಲ. ನಾನು ಪುಟ ತಿರುಗಿಸಿ ನೋಡಿದೆ. ಯುಗಾದಿಯ ದಿನವೂ ಎರಡು ಸಾಲು ಇತ್ತು.

ಸಿಸ್ಟರ್ ಹಳೆಯದೊಂದು ಸಂಗತಿ ಹೇಳಿದರು. ಹಿಂದೆ ಬೇರೊಂದು ಕೇಂದ್ರದಲ್ಲಿದ್ದಾಗ ಒಂದು ಬೆಳಿಗ್ಗೆ ಥರ್ಮಾಮೀಟರ್ ಸೊನ್ನೆಗಿಂತ ಕೆಳಗಿತ್ತಂತೆ. ಹೊರಗೆ ಇಪ್ಪತ್ತು ತಾಯಂದಿರು ಕಾಯುತ್ತಿದ್ದರು. ಇವರು ಸೀಸೆಗಳನ್ನು ಬೇರೆ ಎತ್ತಿಟ್ಟು, ಮೇಲಧಿಕಾರಿಗೆ ತಿಳಿಸಿ, ಎಲ್ಲರನ್ನೂ ಇನ್ನೊಂದು ದಿನ ಬನ್ನಿ ಎಂದು ಕಳಿಸಿದರು. “ಕೂಲಿ ಬಿಟ್ಟು ಬಂದಿದ್ದೋರು ಬಾಯಿಗೆ ಬಂದಂಗೆ ಬೈದ್ರು ಸಾರ್. ಮೇಲಿನೋರು ಕಾರಣ ಕೇಳಿ ಕಾಗದ ಕೊಟ್ರು. ಸುಮ್ಮನೆ ಹಾಕಿ ಕಳಿಸಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ.”

ಅಜ್ಜ ಅಜ್ಜಿಯರಿಗೆ ಭಾನುವಾರದ ಪೋಲಿಯೊ ಬೂತುಗಳು ನೆನಪಿರಬೇಕು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಲಸಿಕೆಗಳಲ್ಲೆಲ್ಲ ಬಿಸಿಗೆ ಬಹಳ ಬೇಗ ಸೋಲುವುದು ಆ ಹನಿ. ಅದನ್ನು ಬೆಟ್ಟ, ಮರಳುಗಾಡು, ರೈಲು ನಿಲ್ದಾಣ ಎನ್ನದೆ ಹೊತ್ತರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಅದರ ಹಿಂದೆ ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡು ನಡೆದ ಲಕ್ಷಾಂತರ ಜನರಿದ್ದಾರೆ.

ನನ್ನ ವಾರಗೆಯವರಲ್ಲಿ ಒಂದು ಮಾತು. ಸಿಸ್ಟರ್ ಕಾಯಿಸಿದರೆ, ಇವತ್ತು ಬೇಡ ನಾಳೆ ಬನ್ನಿ ಎಂದರೆ, ನನ್ನಂತೆ ದಬಾಯಿಸಬೇಡಿ. ಕಾರಣ ಕೇಳಿ, ಹೇಳುತ್ತಾರೆ. ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತಾಯಿ ಕಾರ್ಡನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿಡಿ.

ಪಾಪುವಿಗೆ ಲಸಿಕೆಯಾಯಿತು. ಜೋರಾಗಿ ಅತ್ತು, ಅಮ್ಮನ ಹೆಗಲ ಮೇಲೆ ನಿದ್ದೆ ಹೋಯಿತು. ಹೊರಡುವಾಗ ನಾನು ಸಿಸ್ಟರ್ ಹತ್ತಿರ ಹೋಗಿ, “ತಪ್ಪು ಮಾತಾಡಿದೆ, ಮನಸ್ಸಿಗೆ ಹಚ್ಚಿಕೋಬೇಡಮ್ಮ” ಎಂದೆ. ಅವರು ನಕ್ಕು, “ಬಿಡಿ ಸಾರ್” ಎಂದು ಗಡಿಯಾರ ನೋಡಿದರು.

ಆ ಸಂಜೆ ಮನೆಯಲ್ಲಿ ನಾನು ನೀರಿಗೆಂದು ಫ್ರಿಜ್ಜಿನ ಬಾಗಿಲು ತೆಗೆದು ಬಾಟಲಿ ಹುಡುಕುತ್ತ ನಿಂತಿದ್ದೆ. ಹಿಂದಿನಿಂದ ಮೊಮ್ಮಗಳ ದನಿ ಬಂತು.

“ತಾತಾ, ಬಾಗಿಲು ಹಾಕು. ಸರ್ಕಾರದ ಕರೆಂಟು ಅಲ್ಲ, ನಮ್ಮದೇ!”